ಆನುವಂಶಿಕ ಚಲನರೋಗಗಳಲ್ಲಿ ದೃಷ್ಟಿವಿಕಾರಗಳು

ತಂದೆತಾಯಿಗಳಿಂದ ಮಕ್ಕಳಿಗೆ ವಂಶವಾಹಿಗಳ ಮೂಲಕ ಇಳಿದುಬಂದು, ಮೆದುಳಿನ ಹಾಗೂ ಬೆನ್ನುಹುರಿಯ ನರಕೋಶಗಳನ್ನು ವರ್ಷಾನುವರ್ಷವಾಗಿ ಕ್ಷಯಿಸುತ್ತ, ನಡಿಗೆ, ಹಿಡಿತ, ಮಾತು ಮೊದಲಾದ ದೇಹಚಲನೆಗಳನ್ನು ಕೆಡಿಸುವ ವ್ಯಾಧಿಗಳಲ್ಲಿ ಕಣ್ಣಿಗೂ ನೋಟಕ್ಕೂ ಒದಗುವ ಬಗೆಬಗೆಯ ತೊಂದರೆಗಳ ಸಮುದಾಯ. ಫ್ರೀಡ್ರೈಷ್ ಅಟಾಕ್ಸಿಯ, ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯ ಎಂಬ ಹೆಸರಿನ ರೋಗಗಳ ದೊಡ್ಡ ಗುಂಪು, ಹಂಟಿಂಗ್ಟನ್ ರೋಗ, ವಿಲ್ಸನ್ ರೋಗ, ಅಟಾಕ್ಸಿಯ ಟೆಲಾಂಜೆಕ್ಟೇಸಿಯ ಇವು ಈ ವರ್ಗದ ಮುಖ್ಯ ವ್ಯಾಧಿಗಳು. ಅಟಾಕ್ಸಿಯ ಎಂದರೆ ಸ್ನಾಯುಗಳಲ್ಲಿ ಬಲವಿದ್ದೂ ಅವುಗಳ ಹೊಂದಾಣಿಕೆ ತಪ್ಪಿ ಚಲನೆ ತೂರಾಡುವ ಸ್ಥಿತಿ.

ಈ ರೋಗಗಳ ಹೆಸರು ಕೇಳಿದೊಡನೆ ಎಡವುವ ಕಾಲು, ನಡುಗುವ ಕೈ, ತೊದಲುವ ನಾಲಗೆಗಳು ಮನಸ್ಸಿಗೆ ಬರುತ್ತವೆಯೇ ಹೊರತು ಕಣ್ಣು ಬರುವುದಿಲ್ಲ. ಆದರೆ ಕಣ್ಣುಗುಡ್ಡೆಯೂ ಕೈಕಾಲುಗಳಂತೆ ಸ್ನಾಯುಗಳ ಸೆಳೆತದಿಂದಲೇ ಚಲಿಸುವ ಅಂಗ; ಒಂದೊಂದು ಕಣ್ಣಿಗೆ ಆರಾರು ಸ್ನಾಯುಗಳಿದ್ದು, ಎರಡೂ ಕಣ್ಣುಗಳ ಹನ್ನೆರಡು ಸ್ನಾಯುಗಳೂ ಒಂದೇ ಲಯದಲ್ಲಿ ನಡೆದಲ್ಲದೆ ನೋಟ ಒಂದೆಡೆ ನಿಲ್ಲದು. ಇಷ್ಟಲ್ಲದೆ ಅಕ್ಷಿಪಟಲವೂ ಅದರಿಂದ ಹೊರಟ ದೃಷ್ಟಿನರವೂ ಹುಟ್ಟಿನಲ್ಲಿ ಮೆದುಳಿನದೇ ಕವಲುಗಳಾದಕಾರಣ, ಮೆದುಳನ್ನು ಕ್ಷಯಿಸುವ ರೋಗ ಅವನ್ನೂ ಮುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ರೋಗಿ ವೈದ್ಯನ ಮುಂದೆ ಕುಳಿತು ಆಡುವ ಮಾತು ಸಾಮಾನ್ಯವಾಗಿ ಒಂದೇ: ‘ಕಣ್ಣು ಸರಿಯಾಗಿ ಕಾಣುತ್ತಿಲ್ಲ.’ ಆದರೆ ಆ ಒಂದು ಮಾತಿನ ಹಿಂದೆ ಮೂರು ಬೇರೆಬೇರೆ ಕೇಡುಗಳಿರಬಹುದು: ಬೆಳಕನ್ನು ಹಿಡಿಯುವ ಅಕ್ಷಿಪಟಲ ಕೆಟ್ಟಿರಬಹುದು, ಹಿಡಿದುದನ್ನು ಮೆದುಳಿಗೆ ಒಯ್ಯುವ ನರ ಸವೆದಿರಬಹುದು, ಅಥವಾ ಇವೆರಡೂ ನೆಟ್ಟಗಿದ್ದು, ಕಣ್ಣನ್ನು ಬೇಕಾದ ಎಡೆಗೆ ತಿರುಗಿಸಿ ಅಲ್ಲಿ ನಿಲ್ಲಿಸುವ ಸೂತ್ರ ಕಡಿದಿರಬಹುದು. ಇವುಗಳಲ್ಲಿ ಯಾವುದೆಂಬುದನ್ನು ವಿಂಗಡಿಸುವುದೇ ಈ ವಿಷಯದ ತಿರುಳು. ಅದು ತಿಳಿಯದೆಹೋದಾಗ ಮೂರನೆಯ ಬಗೆಯ ರೋಗಿ ವರ್ಷಕ್ಕೊಂದು ಹೊಸ ಕನ್ನಡಕ ಮಾಡಿಸಿಕೊಳ್ಳುತ್ತ, ಯಾವ ನಂಬರಿನಿಂದಲೂ ಗುಣ ಕಾಣದೆ ಬಳಲುತ್ತಾನೆ.

ನೋಟದ ಸ್ಥೈರ್ಯ ಮತ್ತು ಚಲನೆ

ಅಕ್ಷಿಪಟಲದ ನಡುವಣ ಅತಿ ಸಣ್ಣ ತಗ್ಗೊಂದರಲ್ಲಿ ಮಾತ್ರ ನಮಗೆ ಸ್ಫುಟದೃಷ್ಟಿಯುಂಟು. ಅಕ್ಷರವೊಂದನ್ನು ಓದಬೇಕಾದರೆ, ಮುಖವೊಂದನ್ನು ಗುರುತಿಸಬೇಕಾದರೆ, ಅದರ ಬಿಂಬ ಆ ತಗ್ಗಿನ ಮೇಲೆಯೇ ಬೀಳಬೇಕು, ಬಿದ್ದು ಕ್ಷಣಕಾಲ ಅಲುಗದೆ ನಿಲ್ಲಬೇಕು. ಇದಕ್ಕಾಗಿ ಪ್ರಕೃತಿ ಹಲವು ಏರ್ಪಾಡುಗಳನ್ನು ಮಾಡಿದೆ. ಒಂದು ವಸ್ತುವಿನಿಂದ ಮತ್ತೊಂದಕ್ಕೆ ಕಣ್ಣು ಹಾರುವ ದೃಷ್ಟಿನೆಗೆತ ಮೊದಲನೆಯದು. ದೊಡ್ಡ ನೆಗೆತಗಳಲ್ಲಿ ಇದರ ವೇಗ ಸೆಕೆಂಡಿಗೆ 500 ಡಿಗ್ರಿಯನ್ನು ಮೀರುವುದುಂಟು. ಚಲಿಸುವ ವಸ್ತುವನ್ನು ಬಿಡದೆ ನಯವಾಗಿ ಹಿಂಬಾಲಿಸುವುದು ಎರಡನೆಯದು. ತಲೆ ಒಂದು ಕಡೆಗೆ ತಿರುಗಿದಾಗ ಕಣ್ಣನ್ನು ಅಷ್ಟೇ ವೇಗದಲ್ಲಿ ವಿರುದ್ಧದಿಕ್ಕಿಗೆ ತಿರುಗಿಸಿ ನೋಟವನ್ನು ಕಾಯುವ ಒಳಗಿವಿಯ ಪ್ರತಿವರ್ತನ ಮೂರನೆಯದು. ಸೆಕೆಂಡಿನ ನೂರನೆಯ ಒಂದು ಪಾಲಿನಷ್ಟು ಕಾಲದಲ್ಲಿ ಇದು ಕೆಲಸಕ್ಕೆ ತೊಡಗುತ್ತದೆ. ನೆಗೆತಕ್ಕೆ ಬೇಕಾದ ಪ್ರಬಲ ಪ್ರೇರಣೆ ಮೆದುಳುಕಾಂಡದ ನರಕೋಶಗಳಿಂದ ಹೊರಡುತ್ತದೆ. ಆ ನೆಗೆತ ಗುರಿಯನ್ನು ಮೀರದಂತೆ, ಗುರಿಗೆ ಮುನ್ನ ನಿಲ್ಲದಂತೆ ಅಳತೆಮಾಡಿಕೊಡುವುದು ಅನುಮಸ್ತಿಷ್ಕ, ಅಂದರೆ ಕಿರುಮೆದುಳು. ಅಟಾಕ್ಸಿಯ ರೋಗಗಳು ಕ್ಷಯಿಸುವುದು ಬಹುಮಟ್ಟಿಗೆ ಈ ಎರಡು ಭಾಗಗಳನ್ನೇ ಆದ್ದರಿಂದ, ಅವುಗಳಲ್ಲಿ ನೋಟದ ಚಲನೆ ಕೆಡುವುದು ಅನಿವಾರ್ಯವೆಂಬಷ್ಟು ಸಾಮಾನ್ಯ.

ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಗಳನ್ನು ವಂಶವಾಹಿಗಳು ಪತ್ತೆಯಾದ ಅನುಕ್ರಮದಲ್ಲಿ ಅಂಕಿಗಳಿಂದ ಗುರುತಿಸುವುದು ವಾಡಿಕೆ. ಇವುಗಳಲ್ಲಿ ಎರಡನೆಯದರ ಚರಿತ್ರೆಗೆ ಭಾರತದೊಡನೆ ನಿಕಟ ಸಂಬಂಧವಿದೆ. ಮುಂಬಯಿಯ ನರರೋಗತಜ್ಞ ನೋಶಿರ್ ವಾಡಿಯಾ ಅವರು ಸ್ವಾಮಿ ಎಂಬ ಸಹೋದ್ಯೋಗಿಯೊಡನೆ 1971ರಲ್ಲಿ, ನಡಿಗೆಯ ತೂರಾಟದ ಜೊತೆಗೆ ಕಣ್ಣಿನ ಚಲನೆ ವಿಲಕ್ಷಣವಾಗಿ ನಿಧಾನಗೊಳ್ಳುವ ಹೊಸದೊಂದು ಕೌಟುಂಬಿಕ ರೋಗವನ್ನು ಒಂಬತ್ತು ಕುಟುಂಬಗಳಲ್ಲಿ ಕಂಡು ವರ್ಣಿಸಿದರು. ಇದರ ವಂಶವಾಹಿ 12ನೆಯ ವರ್ಣತಂತುವಿನಲ್ಲಿದೆಯೆಂದು 1996ರಲ್ಲಿ ಸಿದ್ಧವಾಯಿತು. ಪರೀಕ್ಷಿಸಲಾಗಿ ವಾಡಿಯಾ ಅವರು ವರ್ಣಿಸಿದ ರೋಗ ಇದೇ ಎಂದು ಕಂಡುಬಂತು. ಕ್ಯೂಬಾದ ಓಲ್ಗೀನ್ ಪ್ರಾಂತದಲ್ಲಿ ಈ ರೋಗ ಲೋಕದಲ್ಲೆಲ್ಲ ಅತಿ ಹೆಚ್ಚಾಗಿದೆ.

ಕಣ್ಣಿನ ಚಲನೆ ನಿಧಾನಗೊಳ್ಳುವ ಈ ಲಕ್ಷಣವನ್ನು ಕಾಣಲು ಯಂತ್ರ ಬೇಕಿಲ್ಲ. ವೈದ್ಯನು ರೋಗಿಯ ಎದುರಿಗೆ ಕುಳಿತು ಒಂದು ಕೈಯಲ್ಲಿ ಪೆನ್ನನ್ನೂ ಮತ್ತೊಂದು ಕೈಯ ಬೆರಳನ್ನೂ ಒಂದೂವರೆ ಅಡಿಯ ಅಂತರದಲ್ಲಿ ಎತ್ತಿಹಿಡಿದು, ‘ಪೆನ್ನು ನೋಡಿ, ಬೆರಳು ನೋಡಿ’ ಎನ್ನುತ್ತಾನೆ. ಆರೋಗ್ಯವಂತರ ಕಣ್ಣು ಹಾರುವುದು ನಮಗೆ ಕಾಣಿಸುವುದೇ ಇಲ್ಲ, ಅದು ತಲುಪಿರುವುದಷ್ಟೇ ಕಾಣುತ್ತದೆ. ಈ ರೋಗಿಯ ಕಣ್ಣಾದರೋ ಪೆನ್ನಿನಿಂದ ಹೊರಟು ಬೆರಳಿಗೆ ಬರುವವರೆಗಿನ ಹಾದಿಯನ್ನೆಲ್ಲ ಕಣ್ಣೆದುರಿಗೇ ತೆವಳುತ್ತ ಕ್ರಮಿಸುತ್ತದೆ. ಕಾಯಲಾರದ ರೋಗಿ ಮೊದಲು ತಲೆಯನ್ನು ಬೆರಳಿನ ಕಡೆಗೆ ತಿರುಗಿಸುತ್ತಾನೆ, ಕಣ್ಣು ಆಮೇಲೆ ಬಂದು ಸೇರುತ್ತದೆ. ನೆಗೆತವನ್ನು ಹೊರಡಿಸುವ, ಮೆದುಳುಕಾಂಡದ ಸೇತುಭಾಗದ ನರಕೋಶಗಳು ನಶಿಸುವುದೇ ಇದಕ್ಕೆ ಕಾರಣ. ಇಂಥವರ ಅಕ್ಷಿಪಟಲಕ್ಕೆ ಕುಂದಿಲ್ಲದೆ, ಗೋಡೆಯ ಫಲಕದ ಕೊನೆಯ ಸಾಲಿನ ಅಕ್ಷರವನ್ನೂ ಓದಬಲ್ಲವರಾಗಿದ್ದರೂ, ಪತ್ರಿಕೆಯೋದುವಾಗ ಒಂದು ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಬರಲಾರದೆ ಓದಿದ ಸಾಲನ್ನೇ ಮತ್ತೆ ಓದುತ್ತಾರೆ, ರಸ್ತೆ ದಾಟುವಾಗ ಬಲಗಡೆಯಿಂದ ಬರುವ ವಾಹನವನ್ನು ತಡವಾಗಿ ಕಾಣುತ್ತಾರೆ.

ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯದ ಮೂರನೆಯ ಬಗೆಗೆ ಮಚಾಡೊ-ಜೋಸೆಫ್ ರೋಗವೆಂದೂ ಹೆಸರುಂಟು. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಿಂದ ಅಮೆರಿಕಕ್ಕೆ ವಲಸೆಹೋದ ಕುಟುಂಬಗಳ ಹೆಸರುಗಳು ಇವು. ಇದರಲ್ಲಿ ಮೇಲಿನ ರೆಪ್ಪೆ ಹಿಂದಕ್ಕೆ ಸೆಳೆದು ಕಣ್ಣು ಬಿಟ್ಟಂತೆ, ದಿಟ್ಟಿಸಿದಂತೆ ಕಾಣುವುದು ಅನೇಕರಲ್ಲಿ ಉಂಟು. ಎರಡು ಕಣ್ಣುಗಳ ಅಕ್ಷಗಳು ಹೊಂದದೆ ದೂರದ ವಸ್ತು ಎರಡೆರಡಾಗಿ ತೋರುವುದು, ಓರೆನೋಟದಲ್ಲಿ ಕಣ್ಣುಗುಡ್ಡೆ ತೂಗಾಡುವುದು ಇದರ ಮುಖ್ಯ ಪೀಡೆಗಳು. ಒಳಗಿವಿಯ ಪ್ರತಿವರ್ತನವೂ ಇದರಲ್ಲಿ ಕುಗ್ಗುವುದರಿಂದ, ನಿಂತಾಗ ಸ್ಪಷ್ಟವಾಗಿ ಓದಿದ ಬಸ್ಸಿನ ಫಲಕ ನಡೆಯತೊಡಗಿದೊಡನೆ ಹೆಜ್ಜೆಹೆಜ್ಜೆಗೂ ಕುಣಿದು ಮಸುಕಾಗುತ್ತದೆ. ಕ್ಯಾಲ್ಸಿಯಂ ನಾಳವೊಂದರ ವಂಶವಾಹಿ ಕೆಟ್ಟು ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಆರಂಭವಾಗುವ ಆರನೆಯ ಬಗೆಯಲ್ಲಿ, ಕಣ್ಣು ಮೆಲ್ಲನೆ ಮೇಲಕ್ಕೆ ಜಾರಿ ಥಟ್ಟನೆ ಕೆಳಕ್ಕೆ ಹಾರುವ ಒಂದು ವಿಶಿಷ್ಟ ತೂಗಾಟ ಕಂಡುಬರುತ್ತದೆ. ಆಗ ರೋಗಿಗೆ ಎದುರಿನ ಗೋಡೆ, ಬಾಗಿಲು, ಪುಸ್ತಕದ ಪುಟಗಳೆಲ್ಲ ಅಲುಗಾಡುವಂತೆ ಭಾಸವಾಗುತ್ತದೆ.

ಹಂಟಿಂಗ್ಟನ್ ರೋಗದಲ್ಲಿ ಕೆಡುವುದು ನೆಗೆತದ ವೇಗಕ್ಕಿಂತ ಮೊದಲು ನೆಗೆತದ ಆರಂಭ ಮತ್ತು ಸಂಯಮ. ಅಮೆರಿಕದ ಜಾರ್ಜ್ ಹಂಟಿಂಗ್ಟನ್ ತನ್ನ 22ನೆಯ ವಯಸ್ಸಿನಲ್ಲಿ, ತಂದೆಯೂ ಅಜ್ಜನೂ ವೈದ್ಯರಾಗಿ ಕಂಡಿದ್ದ ಕುಟುಂಬಗಳ ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು 1872ರಲ್ಲಿ ಇದನ್ನು ವರ್ಣಿಸಿದನು. ವಂಶವಾಹಿ ಪತ್ತೆಯಾದುದು 1993ರಲ್ಲಿ. ಈ ರೋಗಿಗಳು ಬೇಕೆಂದ ಕಡೆಗೆ ನೋಟವನ್ನು ಹೊರಡಿಸಲು ರೆಪ್ಪೆ ಮಿಟುಕಿಸುತ್ತಾರೆ, ಇಲ್ಲವೆ ತಲೆಯನ್ನು ಕೊಡಹುತ್ತಾರೆ. ಬೇಡವೆಂದ ಕಡೆಗೆ ನೋಟ ತಾನಾಗಿ ಹರಿಯುವುದನ್ನು ತಡೆಯಲಾರರು. ಬೆಳಕಿನ ಚುಕ್ಕೆ ಒಂದು ಕಡೆ ಮೂಡಿದಾಗ ಅದಕ್ಕೆ ವಿರುದ್ಧವಾದ ಕಡೆಗೆ ನೋಡಬೇಕೆಂದು ಹೇಳಿ ಮಾಡುವ ಪರೀಕ್ಷೆಯಲ್ಲಿ ಇವರು ಮೇಲಿಂದ ಮೇಲೆ ತಪ್ಪುತ್ತಾರೆ. ಕೈಕಾಲುಗಳ ಅನೈಚ್ಛಿಕ ಕುಣಿತ ಕಾಣುವುದಕ್ಕೆ ಮೊದಲೇ ಇಂಥ ದೋಷಗಳು ತೋರಬಹುದಾದ್ದರಿಂದ, ನೇತ್ರಚಲನೆಯ ಅಳತೆಗೆ ಈ ರೋಗದ ಸಂಶೋಧನೆಯಲ್ಲಿ ವಿಶೇಷ ಬೆಲೆಯಿದೆ.

ಮಕ್ಕಳಲ್ಲಿ ತೋರುವ ರೋಗಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಡೆನೀಸ್ ಲೂಯಿ-ಬಾರ್ 1941ರಲ್ಲಿ ವರ್ಣಿಸಿದ ಅಟಾಕ್ಸಿಯ ಟೆಲಾಂಜೆಕ್ಟೇಸಿಯದಲ್ಲಿ ಮಗು ನಡೆಯಲು ಕಲಿಯುವ ಹೊತ್ತಿಗೆ ತೂರಾಟ ಆರಂಭವಾಗಿ, ಕೆಲವು ವರ್ಷಗಳ ತರುವಾಯ ಕಣ್ಣಿನ ಬಿಳಿಯ ಮೇಲೆ ಹಿಗ್ಗಿದ ಸಣ್ಣ ರಕ್ತನಾಳಗಳು ಕಾಣಿಸಿಕೊಳ್ಳುತ್ತವೆ. ಮನೆಯವರು ಇದನ್ನು ‘ಮದ್ರಾಸ್ ಐ’ ಎಂದು ತಿಳಿದು ಹನಿಮದ್ದು ಹಾಕಿಸುವುದು ಸಹಜ; ಆದರೆ ಈ ಕೆಂಪಿನಲ್ಲಿ ಪಿಸುರು ಇಲ್ಲ, ನೋವು ಇಲ್ಲ, ದಿನಗಳು ಕಳೆದರೂ ಅದು ಇಳಿಯುವುದಿಲ್ಲ. ಬದಿಗೆ ನೋಡಬೇಕೆಂದಾಗ ಕಣ್ಣು ಹೊರಡದೆ ಮಗು ತಲೆಯನ್ನು ಗುರಿಯಿಂದ ಆಚೆಗೆ ಎಸೆದು ನೋಟವನ್ನು ಎಳೆದುತರುತ್ತದೆ. ಈ ಮಕ್ಕಳು ವಿಕಿರಣವನ್ನು ಸಹಿಸಲಾರರು, ಅರ್ಬುದದ ಭಯವೂ ಹೆಚ್ಚು. ಆದ್ದರಿಂದ ರೋಗವನ್ನು ಬೇಗ ಗುರುತಿಸಿದರೆ ಅನವಶ್ಯಕವಾದ ಎಕ್ಸ್‌ರೇ, ಸಿ.ಟಿ. ಪರೀಕ್ಷೆಗಳಿಂದ ಅವರನ್ನು ಕಾಪಾಡಬಹುದು. ಇನ್ನೊಂದು ನೀಮನ್-ಪಿಕ್ ರೋಗದ ‘ಸಿ’ ಬಗೆ. ಇದರಲ್ಲಿ ಮೇಲೆ ಕೆಳಗೆ ನೋಡುವ ಶಕ್ತಿ ಮೊದಲು ಕುಂದುವುದರಿಂದ, ಮಗು ಮೆಟ್ಟಿಲಿಳಿಯುವಾಗ ಪಾದವನ್ನು ಕಾಣಲು ಗಲ್ಲವನ್ನು ಎದೆಗೆ ತಾಗಿಸುವುದೇ ಮೊದಲ ಸುಳಿವಾಗಬಹುದು.

ದೃಷ್ಟಿನರದ ಕ್ಷಯ

ಹೈಡಲ್‌ಬರ್ಗಿನ ನಿಕೊಲಾಸ್ ಫ್ರೀಡ್ರೈಷ್ 1863ರಿಂದ ಮೊದಲುಗೊಂಡು ವರ್ಣಿಸಿದ ಅಟಾಕ್ಸಿಯ ಸಾಮಾನ್ಯವಾಗಿ ಬಾಲ್ಯದಲ್ಲಿ ಅಥವಾ ಹದಿಹರೆಯದಲ್ಲಿ ತೋರಿ, ನಡಿಗೆಯನ್ನಲ್ಲದೆ ಹೃದಯವನ್ನೂ ಬಾಧಿಸುವ ವ್ಯಾಧಿ. 9ನೆಯ ವರ್ಣತಂತುವಿನಲ್ಲಿರುವ ಇದರ ವಂಶವಾಹಿ 1996ರಲ್ಲಿ ಪತ್ತೆಯಾಯಿತು. ಅದರೊಳಗೆ ಜಿಎಎ ಎಂಬ ಮೂರಕ್ಷರದ ಸಂಕೇತ ನೂರಾರು ಸಲ ಪುನರಾವೃತ್ತವಾಗುವುದರಿಂದ ಫ್ರಟಾಕ್ಸಿನ್ ಎಂಬ ಪ್ರೋಟೀನು ಸಾಕಷ್ಟು ಹುಟ್ಟದೆ, ಕೋಶಗಳ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳು ದುರ್ಬಲವಾಗುತ್ತವೆ. ದೃಷ್ಟಿನರದ ತಂತುಗಳು ಉದ್ದವಾದವು, ಎಡೆಬಿಡದೆ ಶಕ್ತಿಯನ್ನು ಬೇಡುವಂಥವು. ಅವು ಕ್ರಮೇಣ ಸವೆಯುತ್ತವೆ. ಬಹುಮಂದಿಯಲ್ಲಿ ಈ ಸವೆತ ಮಂದಗತಿಯದಾಗಿದ್ದು ರೋಗಿಯ ಅರಿವಿಗೇ ಬರುವುದಿಲ್ಲ, ಅಕ್ಷಿಪಟಲದ ನರತಂತುಪದರವನ್ನು ಅಳೆದಾಗ ಮಾತ್ರ ತಿಳಿಯುತ್ತದೆ. ಕೆಲವರಲ್ಲಿ ಮಾತ್ರ ರೋಗ ಬಲಿತಮೇಲೆ ದೃಷ್ಟಿ ಗಣನೀಯವಾಗಿ ಇಳಿದುಹೋಗುತ್ತದೆ. ಇದರ ಜೊತೆಗೆ, ಒಂದೆಡೆ ದಿಟ್ಟಿಸಿ ನಿಂತ ಕಣ್ಣು ತಟ್ಟನೆ ಬದಿಗೆ ಸರಿದು ಮರುಕ್ಷಣವೇ ಹಿಂದಿರುಗುವ ಸಣ್ಣ ಮಿಡಿತಗಳೂ ಇರುವುದರಿಂದ, ನರದ ದೋಷವೂ ಸ್ಥೈರ್ಯದ ದೋಷವೂ ಒಬ್ಬನಲ್ಲೇ ಕೂಡಿಬರುವುದಕ್ಕೆ ಈ ರೋಗ ಉದಾಹರಣೆಯಾಗಿದೆ. ಕಾಲುಗಳು ಬಿಗಿದು ನಡಿಗೆ ಕೆಡುವ ಆನುವಂಶಿಕ ಪೀಡೆಗಳಲ್ಲಿ ಏಳನೆಯ ಬಗೆಯಲ್ಲಿಯೂ ದೃಷ್ಟಿನರ ಕ್ಷಯಿಸುವುದುಂಟು.

ಅಕ್ಷಿಪಟಲದ ಕ್ಷಯ

ಎಲ್ಲಕ್ಕಿಂತ ಕ್ರೂರವಾದ ದೃಷ್ಟಿನಾಶ ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯದ ಏಳನೆಯ ಬಗೆಯದು. ಆಂಗ್ಲ ನರರೋಗತಜ್ಞೆ ಅನಿತಾ ಹಾರ್ಡಿಂಗ್ 1982ರಲ್ಲಿ ಈ ಅಟಾಕ್ಸಿಯಗಳನ್ನು ವರ್ಗೀಕರಿಸಿದಾಗ ಅಕ್ಷಿಪಟಲದ ಕ್ಷಯವಿರುವ ಕುಟುಂಬಗಳನ್ನು ಬೇರೆಯೇ ವರ್ಗವಾಗಿ ಇರಿಸಿದಳು. 1997ರಲ್ಲಿ ಇದರ ವಂಶವಾಹಿ ದೊರೆತಾಗ ಆ ವಿಂಗಡಣೆ ಸಾರ್ಥಕವಾಯಿತು. ಇದರಲ್ಲಿ ಹಗಲು ಬೆಳಕಿನಲ್ಲಿ ಬಣ್ಣವನ್ನೂ ಸೂಕ್ಷ್ಮವನ್ನೂ ಗ್ರಹಿಸುವ ಶಂಕುಕೋಶಗಳು ಮೊದಲು ಸಾಯುತ್ತವೆ, ಮಬ್ಬುಬೆಳಕಿನ ದಂಡಕೋಶಗಳು ತರುವಾಯ ಹೋಗುತ್ತವೆ. ಆದ್ದರಿಂದ ಮೊದಲ ಲಕ್ಷಣ ಇರುಳುಗುರುಡಲ್ಲ: ಬಿಸಿಲು ಕಣ್ಣಿಗೆ ಚುಚ್ಚುವುದು, ನೀಲಿ ಹಳದಿಗಳ ಭೇದ ಮಾಸುವುದು, ನೋಡಬೇಕೆಂದ ಮುಖದ ನಡುವೆಯೇ ಮಸುಕು ಕವಿದು ಅಂಚು ಮಾತ್ರ ಉಳಿಯುವುದು ಇವು ಮೊದಲು ಬರುತ್ತವೆ, ಕೊನೆಗೆ ಸಂಪೂರ್ಣ ಅಂಧತ್ವವೂ ಪ್ರಾಪ್ತವಾಗಬಹುದು.

ಈ ರೋಗದಲ್ಲಿ ಸಿಎಜಿ ಎಂಬ ಸಂಕೇತದ ಆವೃತ್ತಿಗಳು ಮಿತಿಮೀರಿ ಬೆಳೆದಿರುತ್ತವೆ. ತಲೆಮಾರಿನಿಂದ ತಲೆಮಾರಿಗೆ, ವಿಶೇಷವಾಗಿ ತಂದೆಯಿಂದ ಮಕ್ಕಳಿಗೆ ಇಳಿಯುವಾಗ, ಅವು ಇನ್ನೂ ಉದ್ದವಾಗುತ್ತವೆ. ಆವೃತ್ತಿ ಉದ್ದವಾದಷ್ಟೂ ರೋಗ ಎಳವೆಯಲ್ಲೇ ತೋರುತ್ತದೆ, ಮತ್ತು ತೂರಾಟಕ್ಕೆ ಮೊದಲೇ ದೃಷ್ಟಿ ಇಳಿಯತೊಡಗುತ್ತದೆ. ಇದರ ಪರಿಣಾಮವಾಗಿ, ತಂದೆಯಲ್ಲಿ ರೋಗ ಇನ್ನೂ ತಲೆದೋರದಿರುವಾಗಲೇ ಮಗುವಿನ ಕಣ್ಣು ಮಂಜಾಗುವ ದಾರುಣಸನ್ನಿವೇಶ ಉಂಟಾಗಬಹುದು. ಆದ್ದರಿಂದ ಕಾರಣ ತಿಳಿಯದೆ ದೃಷ್ಟಿ ಕುಂದುವ ಮಗುವನ್ನು ಕಂಡ ನೇತ್ರವೈದ್ಯನು ಮನೆಯ ಹಿರಿಯರ ನಡಿಗೆಯನ್ನೂ ವಿಚಾರಿಸತಕ್ಕದ್ದು.

ಅಕ್ಷಿಪಟಲವನ್ನು ಮುಟ್ಟುವ ಅಟಾಕ್ಸಿಯಗಳಲ್ಲಿ ಚಿಕಿತ್ಸೆಯುಳ್ಳವೂ ಕೆಲವಿವೆ. ಅವನ್ನು ಕಾಣದೆ ಬಿಡುವುದು ದೊಡ್ಡ ನಷ್ಟ. ಇ ಜೀವಸತ್ತ್ವವನ್ನು ದೇಹ ಉಳಿಸಿಕೊಳ್ಳಲಾರದ ಒಂದು ಆನುವಂಶಿಕ ರೋಗ ಹೊರನೋಟಕ್ಕೆ ಫ್ರೀಡ್ರೈಷ್ ಅಟಾಕ್ಸಿಯವನ್ನೇ ಹೋಲುತ್ತದೆ. ಆ ಜೀವಸತ್ತ್ವವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ರೋಗ ನಿಲ್ಲುತ್ತದೆ. ನಾರ್ವೆಯ ಸಿಗ್ವಾಲ್ಡ್ ರೆಫ್ಸಮ್ ವರ್ಣಿಸಿದ ರೋಗದಲ್ಲಿ ಫೈಟಾನಿಕ್ ಆಮ್ಲವೆಂಬ ಕೊಬ್ಬು ದೇಹದಲ್ಲಿ ಕೂಡಿ, ಇತರ ಲಕ್ಷಣಗಳಿಗಿಂತ ಬಹುಕಾಲ ಮುಂಚಿತವಾಗಿಯೇ ಇರುಳುಗುರುಡು ಬರುತ್ತದೆ. ಬೆಣ್ಣೆ, ತುಪ್ಪ ಮೊದಲಾದ ಹಾಲಿನ ಕೊಬ್ಬನ್ನೂ ಮೆಲುಕು ಹಾಕುವ ಪ್ರಾಣಿಗಳ ಮಾಂಸವನ್ನೂ ವರ್ಜಿಸುವುದೇ ಅದರ ಮುಖ್ಯ ಪಥ್ಯ.

ಕಣ್ಣಿನ ಮುಂಭಾಗದ ಚಿಹ್ನೆ

ವಿಲ್ಸನ್ ರೋಗದಲ್ಲಿ ಕಣ್ಣಿನ ಚಿಹ್ನೆ ಮೇಲಿನವುಗಳಿಗೆ ವಿರುದ್ಧವಾದುದು: ಅದು ನೋಟವನ್ನು ಕೆಡಿಸುವುದಿಲ್ಲ, ರೋಗವನ್ನು ತೋರಿಸಿಕೊಡುತ್ತದೆ. ಪಿತ್ತರಸದ ಮೂಲಕ ಹೊರಹೋಗಬೇಕಾದ ತಾಮ್ರ ವಂಶವಾಹಿಯ ದೋಷದಿಂದ ಯಕೃತ್ತಿನಲ್ಲಿಯೂ ಮೆದುಳಿನಲ್ಲಿಯೂ ಕೂಡಿಕೊಂಡು ನಡುಕ, ಬಿಗಿತ, ತೊದಲುಗಳನ್ನು ಉಂಟುಮಾಡುವ ಈ ರೋಗವನ್ನು ಕಿನಿಯರ್ ವಿಲ್ಸನ್ 1912ರಲ್ಲಿ ವಿವರಿಸಿದನು. ಅದಕ್ಕೆ ಹತ್ತು ವರ್ಷ ಮೊದಲು, 1902ರಲ್ಲಿ ಕೈಸರ್ ಎಂಬವನೂ ಮರುವರ್ಷ ಫ್ಲೈಷರ್ ಎಂಬವನೂ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯದ ಅಂಚಿನ ಸುತ್ತ ಕಂದುಹಸಿರು ಬಣ್ಣದ ಉಂಗುರವನ್ನು ಕಂಡಿದ್ದರು; ಅದು ಕಾರ್ನಿಯದ ಒಳಪೊರೆಯಲ್ಲಿ ನೆಲಸಿದ ತಾಮ್ರವೇ. ಉಂಗುರ ಮೊದಲು ಮೇಲ್ಭಾಗದಲ್ಲಿ, ಆಮೇಲೆ ಕೆಳಭಾಗದಲ್ಲಿ ಕಮಾನಿನಂತೆ ಮೂಡಿ, ಕಡೆಗೆ ಎರಡೂ ಬದಿಗಳಲ್ಲಿ ಕೂಡಿಕೊಳ್ಳುತ್ತದೆ. ನೀಲಿಗಣ್ಣಿನವರಲ್ಲಿ ಇದು ಬರಿಗಣ್ಣಿಗೇ ಕಾಣಬಹುದು. ನಮ್ಮವರ ಕಂದು ಕಣ್ಣಿನಲ್ಲಿ ಹಿನ್ನೆಲೆಯ ಬಣ್ಣದೊಡನೆ ಬೆರೆತು ಮರೆಯಾಗುವುದರಿಂದ, ಸ್ಲಿಟ್ ಲ್ಯಾಂಪಿನ ಬೆಳಕಿನಲ್ಲಿ, ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿದು ನೋಡುವುದು ಅವಶ್ಯಕ. ನರಲಕ್ಷಣಗಳು ತೋರಿದ ರೋಗಿಗಳಲ್ಲಿ ಬಹುತೇಕ ಎಲ್ಲರಲ್ಲಿಯೂ ಇದು ಇರುತ್ತದೆ. ತಾಮ್ರವನ್ನು ಹೊರಹಾಕುವ ಪೆನಿಸಿಲಮೀನ್ ಔಷಧವನ್ನು ಜಾನ್ ವಾಲ್ಷ್ 1956ರಲ್ಲಿ ಬಳಕೆಗೆ ತಂದಮೇಲೆ, ಮಾರಣಾಂತಿಕವಾಗಿದ್ದ ಈ ರೋಗ ಸಾಧ್ಯರೋಗವಾಯಿತು. ಚಿಕಿತ್ಸೆ ಫಲಿಸಿದಂತೆ ಉಂಗುರವೂ ಕ್ರಮೇಣ ಮಾಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ಮಂದಿ ವಿಲ್ಸನ್ ರೋಗಿಗಳ ವೃತ್ತಾಂತವನ್ನು 2007ರಲ್ಲಿ ಪ್ರಕಟಿಸಿದ್ದು, ಈ ರೋಗದ ಅಧ್ಯಯನದಲ್ಲಿ ಗಣ್ಯವಾದ ಕೆಲಸ.

ಪರೀಕ್ಷೆ

ದೂರದ ಅಕ್ಷರಫಲಕವನ್ನು ಓದಿಸುವ ವಾಡಿಕೆಯ ಪರೀಕ್ಷೆಯಿಂದ ಮೇಲಿನ ಕೇಡುಗಳಲ್ಲಿ ಅರ್ಧದಷ್ಟೂ ಬಯಲಾಗುವುದಿಲ್ಲ. ರೋಗಿ ಕುಳಿತಿರುತ್ತಾನೆ, ತಲೆ ನಿಶ್ಚಲವಾಗಿರುತ್ತದೆ, ಒಂದೊಂದೇ ಅಕ್ಷರಕ್ಕೆ ಬೇಕಾದಷ್ಟು ಕಾಲ ದೊರೆಯುತ್ತದೆ. ಆದಕಾರಣ ಅದೇ ಫಲಕವನ್ನು ತಲೆಯನ್ನು ಮೆಲ್ಲನೆ ಅಲುಗಿಸುತ್ತ ಇನ್ನೊಮ್ಮೆ ಓದಿಸಬೇಕು. ಹಲವು ಸಾಲುಗಳು ತಪ್ಪಿಹೋದರೆ ಒಳಗಿವಿಯ ಪ್ರತಿವರ್ತನ ಸೋತಿದೆಯೆಂದು ತಿಳಿಯಬೇಕು. ಒಂದು ಕಣ್ಣನ್ನು ಮುಚ್ಚಿದೊಡನೆ ಎರಡಾಗಿ ಕಾಣುವುದು ನಿಂತರೆ ದೋಷ ಕಣ್ಣುಗಳ ಹೊಂದಾಣಿಕೆಯದು. ಬಣ್ಣದ ಗ್ರಹಣ, ಬೂದುಬಣ್ಣದ ಮಸುಕು ಅಕ್ಷರಗಳ ಗ್ರಹಣ, ದೃಷ್ಟಿಕ್ಷೇತ್ರಗಳ ಪರೀಕ್ಷೆ ಅಕ್ಷಿಪಟಲದ ಮತ್ತು ನರದ ಕೇಡನ್ನು ಬೇಗ ಸೂಚಿಸುತ್ತವೆ. ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ಅಳೆಯುವ ಓ.ಸಿ.ಟಿ. ಯಂತ್ರ, ಅದರ ಕೋಶಗಳ ವಿದ್ಯುತ್ ಪ್ರತಿಕ್ರಿಯೆಯನ್ನು ಬರೆದುಕೊಳ್ಳುವ ಉಪಕರಣ, ಅತಿರಕ್ತ ಕಿರಣಗಳ ಕ್ಯಾಮರಾದಿಂದ ನೇತ್ರಚಲನೆಯನ್ನು ದಾಖಲಿಸುವ ವಿಧಾನ ಇವು ಈಗ ನೆರವಿಗೆ ಬಂದಿವೆ.

ಚಿಕಿತ್ಸೆ ಮತ್ತು ಆಸರೆ

ವಿಲ್ಸನ್ ರೋಗದಂಥ ಕೆಲವನ್ನು ಬಿಟ್ಟರೆ ಮೂಲರೋಗವನ್ನು ಹಿಮ್ಮೆಟ್ಟಿಸುವ ಔಷಧ ಇನ್ನೂ ಇಲ್ಲ; ಫ್ರೀಡ್ರೈಷ್ ಅಟಾಕ್ಸಿಯದ ಗತಿಯನ್ನು ನಿಧಾನಗೊಳಿಸುವ ಓಮವೆಲಾಕ್ಸಲೋನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ದೊರೆತಿದೆ. ಆದರೆ ಮೂಲರೋಗಕ್ಕೆ ಮದ್ದಿಲ್ಲವೆಂದ ಮಾತ್ರಕ್ಕೆ ನೋಟಕ್ಕೆ ಆಸರೆಯಿಲ್ಲವೆಂದು ತಿಳಿಯಬಾರದು. ಎರಡಾಗಿ ಕಾಣುವವರಿಗೆ ಪ್ರಿಸಂ ಕೂರಿಸಿದ ಕನ್ನಡಕದಿಂದ ಎರಡು ಬಿಂಬಗಳನ್ನು ಒಂದುಗೂಡಿಸಬಹುದು. ಕೆಳಕ್ಕೆ ಹಾರುವ ತೂಗಾಟಕ್ಕೆ ಅಮಿನೊಪಿರಿಡಿನ್ ಜಾತಿಯ ಔಷಧ ಕೆಲವರಲ್ಲಿ ಗುಣಕೊಡುತ್ತದೆ. ಬಿಸಿಲು ಸಹಿಸದವರಿಗೆ ಬಣ್ಣದ ಗಾಜು, ನಡುದೃಷ್ಟಿ ಮಾಸಿದವರಿಗೆ ಭೂತಗನ್ನಡಿ ಹಾಗೂ ದಪ್ಪಕ್ಷರ ಪ್ರಯೋಜನಕರ.

ಸಾಲು ತಪ್ಪುವವರು ಒಂದು ಕಪ್ಪು ರಟ್ಟಿನಲ್ಲಿ ಒಂದೇ ಸಾಲಿನಷ್ಟು ಅಗಲದ ಕಂಡಿ ಕೊರೆದು, ಅದನ್ನು ಪುಟದ ಮೇಲೆ ಇಳಿಸುತ್ತ ಓದಿದರೆ ಕಣ್ಣು ಅಲೆಯುವುದು ಕಡಿಮೆಯಾಗುತ್ತದೆ. ಕೆಳಗೆ ನೋಡಲಾರದವರಿಗೆ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ನಂಬರು ಕೂರಿಸಿದ ಬೈಫೋಕಲ್ ಕನ್ನಡಕ ಒಗ್ಗದು, ಎಡವಿ ಬೀಳುವುದಕ್ಕೆ ಅದೇ ಕಾರಣವಾಗಬಹುದು. ಅವರಿಗೆ ಓದಲು ಬೇರೆ, ನಡೆಯಲು ಬೇರೆ ಕನ್ನಡಕ ಲೇಸು. ಕಾಲಿನ ಸಮತೋಲ ತಪ್ಪಿದವರು ನಿಲ್ಲಲು ನೆಚ್ಚಿಕೊಳ್ಳುವುದು ಕಣ್ಣನ್ನೇ. ಆದ್ದರಿಂದ ಮೆಟ್ಟಿಲುಗಳ ಅಂಚಿಗೆ ಹಳದಿಯ ಪಟ್ಟಿ ಬಳಿಯುವುದು, ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯೆಲ್ಲ ಸಣ್ಣ ದೀಪವಿಡುವುದು ಇವು ಅಲ್ಪವೆಂದು ತೋರಿದರೂ ಮೂಳೆಮುರಿತವನ್ನು ತಪ್ಪಿಸುತ್ತವೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಮಂದದೃಷ್ಟಿಯೂ ಚಲನವೈಕಲ್ಯವೂ ಸೇರಿವೆ.

ವಂಶ ಮತ್ತು ಸಲಹೆ

ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯದ ಮೇಲೆ ಹೇಳಿದ ಬಗೆಗಳೂ ಹಂಟಿಂಗ್ಟನ್ ರೋಗವೂ ತಂದೆತಾಯಿಗಳಲ್ಲಿ ಒಬ್ಬರಿಂದಲೇ ಇಳಿಯಬಲ್ಲವು. ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಫ್ರೀಡ್ರೈಷ್, ವಿಲ್ಸನ್, ಅಟಾಕ್ಸಿಯ ಟೆಲಾಂಜೆಕ್ಟೇಸಿಯಗಳಿಗೆ ಇಬ್ಬರಿಂದಲೂ ದೋಷಯುಕ್ತ ವಂಶವಾಹಿ ಬರಬೇಕು. ಆಗ ಪ್ರತಿ ಮಗುವಿಗೂ ಸಂಭವ ನಾಲ್ಕರಲ್ಲೊಂದು. ಸೋದರಮಾವನಿಗೆ ಅಥವಾ ಅತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆ ಇನ್ನೂ ಉಳಿದಿರುವ ಕರ್ನಾಟಕದಂಥ ನಾಡಿನಲ್ಲಿ ಈ ಎರಡನೆಯ ಬಗೆಯ ರೋಗಗಳಿಗೆ ಅವಕಾಶ ಹೆಚ್ಚು. ವಿಲ್ಸನ್ ರೋಗ ಒಬ್ಬರಲ್ಲಿ ಕಂಡಾಗ ಒಡಹುಟ್ಟಿದವರೆಲ್ಲರನ್ನೂ ಪರೀಕ್ಷಿಸಬೇಕು, ಏಕೆಂದರೆ ಲಕ್ಷಣ ತೋರುವ ಮುನ್ನವೇ ಔಷಧ ಆರಂಭಿಸಿದರೆ ರೋಗವನ್ನು ತಡೆಯಬಹುದು. ಚಿಕಿತ್ಸೆಯಿಲ್ಲದ, ವಯಸ್ಸಾದಮೇಲೆ ತೋರುವ ರೋಗಗಳಿಗಾದರೋ ಆರೋಗ್ಯವಂತ ಮಕ್ಕಳನ್ನು ಪರೀಕ್ಷಿಸಕೂಡದು. ಪ್ರಾಪ್ತವಯಸ್ಕರು ಸಲಹೆ ಪಡೆದು, ತಾವಾಗಿ ಒಪ್ಪಿದಾಗ ಮಾತ್ರ ಪರೀಕ್ಷೆ ಯುಕ್ತ.

ಈ ರೋಗಗಳು ಹತ್ತಾರು ವರ್ಷಗಳ ಕಾಲ ಮೆಲ್ಲನೆ ನಡೆಯುವಂಥವು. ನಡಿಗೆ ಹೋಗಿ ಗಾಲಿಕುರ್ಚಿ ಬಂದಮೇಲೆ, ಮಾತು ಅಸ್ಪಷ್ಟವಾದಮೇಲೆ, ಓದುವುದು, ಮನೆಯವರ ಮುಖ ನೋಡುವುದು, ಕಿಟಕಿಯಾಚೆಯ ಬೀದಿಯನ್ನು ನೋಡುವುದು ಇವೇ ರೋಗಿಗೆ ಲೋಕದೊಡನೆ ಉಳಿದಿರುವ ಸಂಬಂಧ. ಆದ್ದರಿಂದ ‘ಕಣ್ಣು ಸರಿಯಾಗಿ ಕಾಣುತ್ತಿಲ್ಲ’ ಎಂಬ ಮಾತನ್ನು ಕೇಳಿದವರು ಕನ್ನಡಕದ ಅಂಗಡಿಯ ದಾರಿ ತೋರುವುದಕ್ಕೆ ಮೊದಲು ಮಸುಕಾಗಿ ಕಾಣುವುದೋ, ಎರಡಾಗಿ ಕಾಣುವುದೋ, ಅಲುಗಾಡುವುದೋ, ಸಾಲು ತಪ್ಪುವುದೋ ಎಂದು ಕೇಳಬೇಕು. ಉತ್ತರ ತೊದಲುತ್ತ ಬಂದರೂ ಕೊನೆಯವರೆಗೆ ಕಾದು ಕೇಳಿಸಿಕೊಳ್ಳಬೇಕು.